ಸಹಾಯ ಬೇಕು: ಕೆಂಡದ ಮೇಲೆ ಬೀನ್ಸ್ ಸರಿಯಾಗಿ ಬೇಯ್ತಿಲ್ಲ

ತೀರ್ಥಹಳ್ಳಿ ಕಡೆ ನಮ್ಮನೆ. ಹಿತ್ತಲಲ್ಲಿ ಇದ್ದಿಲಿನ ಗ್ರಿಲ್ ಇದೆ. ಬೆಂಡೆಕಾಯಿ ಇಡಿಯಾಗಿಟ್ರೆ ಲೋಳೆನೂ ಇಲ್ಲದೆ ಸೂಪರಾಗಿ ಬರುತ್ತೆ. ತಕರಾರೆಲ್ಲ ಬೀನ್ಸ್, ಬ್ರೊಕೊಲಿದು. ಹಸಿಯಾಗಿಟ್ರೆ ಮೇಲೆ ಕರಕಲು, ಒಳಗೆ ಹಾಗೇ ಹಸಿ. ಉಪ್ಪುನೀರಲ್ಲಿ ಒಂದೆರಡು ನಿಮಿಷ ಕುದಿಸಿ, ತಣ್ಣೀರಿಗೆ ಹಾಕಿ, ಒರೆಸಿ, ಎಣ್ಣೆ ಸವರಿ ಇಟ್ಟೆ. ಬೆಂತು, ಆದ್ರೆ ಸುಟ್ಟ ಘಮ ಬರ್ಲಿಲ್ಲ. ಕೆಂಡ ಒಂದು ಬದಿಗೆ ಸರಿಸಿ ನಿಧಾನಕ್ಕೆ ಬೇಯಿಸಿದ್ರೆ ಬಣ್ಣ ಹೋಗಿ ಪಾಚಿ ಥರ ಆಗುತ್ತೆ. ಹುಳಿ ತಾಗಿದ್ರೆ ಹಸಿರು ಕೆಡುತ್ತೆ ಅಂತ ನಿಂಬೆಹಣ್ಣು ಕೊನೆಗೇ ಹಿಂಡೋದು. ಮಳೆಗಾಲದಲ್ಲಿ ಥಂಡಿ ಹಿಡಿದ ಇದ್ದಿಲು ಅನ್ಬೇಡಿ, ಬಚ್ಚಲೊಲೆ ಪಕ್ಕ ಒಣಗಿಸಿದ್ದು. ಗೊತ್ತಿರೋರು ಹೇಳಿ: ಕುದಿಸಿದ ಬೀನ್ಸಿಗೆ ನಿಗಿನಿಗಿ ಕೆಂಡವೇ ಬೇಕಾ, ಬೂದಿ ಮುಚ್ಚಿದ್ದು ಸಾಕಾ? ಎಷ್ಟು ನಿಮಿಷ ಇಡ್ಬೇಕು?