ಒಂದೇ ಹೆಸರಿನ ಹಾಡುಗಳಿಗೆ ಸೂಚಿಯಲ್ಲಿ ಯಾವ ಪದ?

ಬಲ್ಲವರೆಲ್ಲರಿಗೆ ನಮಸ್ಕಾರ.

ಗಂಗಾವತಿಯ ನಮ್ಮ ಭಜನಾ ಮಂಡಳಿಯಲ್ಲಿರುವ ಹಳೆಯ ಧ್ವನಿಸುರುಳಿಗಳಿಗೆ ಅಕಾರಾದಿ ಸೂಚಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ದಾಸರ ಪದ, ತತ್ವಪದ, ಭಾವಗೀತೆ, ಚಿತ್ರಗೀತೆ ಎಲ್ಲವೂ ಅದರಲ್ಲಿವೆ. ‘ಕ’ ಅಕ್ಷರಕ್ಕೆ ಬಂದ ಮೇಲೆ ಕೈ ಓಡುತ್ತಿಲ್ಲ. ‘ಕೃಷ್ಣಾ ನೀ ಬೇಗನೆ ಬಾರೋ’ ಎಂದರೆ ವ್ಯಾಸರಾಯರ ಪದ. 1986ರ ಚಲನಚಿತ್ರವೊಂದರ ಹೆಸರೂ ಅದೇ. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಪುರಂದರದಾಸರ ಪದ. ಅದೇ 1986ರಲ್ಲಿ ಬಂದ ರಾಜಕುಮಾರ್ ಅವರ ಚಿತ್ರದ ಹೆಸರೂ ಅದೇ. ಆದರೆ ಭೀಮಸೇನ ಜೋಶಿಯವರು ಸಿನಿಮಾಕ್ಕಾಗಿ ಆ ಪದವನ್ನು ಹಾಡಿದ್ದು 1983ರ ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಚಿತ್ರದಲ್ಲಿ. ಹೆಸರು ನೋಡಿ ಸುರುಳಿ ಎತ್ತಿಕೊಂಡವರಿಗೆ ಬೇಕಾದ ಹಾಡು ಸಿಗುವುದಿಲ್ಲ.

ಇದಕ್ಕೆ ತಿರುಗುಮುರುಗಾದ ತೊಡಕೂ ಇದೆ. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಒಂದು ಕವಿತೆ, ಅದೇ ಹೆಸರಿನ ಕವನ ಸಂಕಲನ, ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 1978ರ ಧ್ವನಿಸುರುಳಿಯೂ ಹೌದು. ಹಾಡು ಶುರುವಾಗುವುದು ಮಾತ್ರ ‘ಜೋಗದ ಸಿರಿ ಬೆಳಕಿನಲ್ಲಿ’ ಎಂದು. ಮಂಡಳಿಗೆ ಬರುವವರಲ್ಲಿ ಕೆಲವರು ‘ಜೋಗದ ಸಿರಿ’ ಹಾಕಿ ಎನ್ನುತ್ತಾರೆ, ಕೆಲವರು ‘ನಿತ್ಯೋತ್ಸವ’ ಎನ್ನುತ್ತಾರೆ. ಇಬ್ಬರು ಕೇಳುತ್ತಿರುವುದೂ ಒಂದೇ ಹಾಡನ್ನು.

ನಮ್ಮ ಸೀಮೆಯ ಪದ ಹಾಡುವವರಿಗೆ ಈ ತೊಡಕು ಬಾಧಿಸಿದಂತೆ ಕಾಣುವುದಿಲ್ಲ. ಪದಕ್ಕೆ ಪ್ರತ್ಯೇಕ ಹೆಸರೆಂಬುದೇ ಇಲ್ಲ, ಪಲ್ಲವಿಯ ಮೊದಲ ಸಾಲೇ ಅದರ ಹೆಸರು. ಎರಡು ಪದಗಳು ಒಂದೇ ಬಗೆಯಲ್ಲಿ ಶುರುವಾದರೆ ಕೊನೆಯ ನುಡಿಯಲ್ಲಿ ಬರುವ ಅಂಕಿತ, ಅಂದರೆ ರಚಿಸಿದವರ ಗುರುತಿನ ಹೆಸರು, ನೋಡುತ್ತಾರೆ. ಅಂಕಿತಗಳಲ್ಲೂ ಅರ್ಧ ಭಾಗ ಒಂದೇ: ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಮಾನ್ವಿಯ ಜಗನ್ನಾಥದಾಸರ ಜಗನ್ನಾಥವಿಠಲ. ಗುರುತು ಹೇಳುವುದು ಮೊದಲ ಅರ್ಧ. ಎಷ್ಟು ಚೊಕ್ಕ ವ್ಯವಸ್ಥೆ! ವ್ಯಾಸರಾಯರ ಬೃಂದಾವನ ಇಲ್ಲೇ ಆನೆಗೊಂದಿಯ ನವಬೃಂದಾವನದಲ್ಲಿದೆ. ಅಲ್ಲಿಗೆ ಹೋದವರು ಅವರ ‘ಕೃಷ್ಣಾ ನೀ ಬೇಗನೆ ಬಾರೋ’ ಪದವನ್ನು ಹಾಡುವಾಗ ಸಿನಿಮಾದ ಹೆಸರು ಯಾರಿಗೂ ಅಡ್ಡ ಬರುವುದಿಲ್ಲ. ಸುರುಳಿಯ ಹೊದಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಅಚ್ಚಾದಾಗಿನಿಂದ ಮೊದಲ ಸಾಲು ಹಿಂದೆ ಸರಿಯಿತು, ಅಂಕಿತದ ಕಡೆಗಂತೂ ಯಾರೂ ನೋಡುವುದಿಲ್ಲ.

ಆದ್ದರಿಂದ ಸೂಚಿಯಲ್ಲಿ ‘ಶೀರ್ಷಿಕೆ’ ಎಂಬುದನ್ನು ಸುರುಳಿ, ಸಂಕಲನ, ಚಿತ್ರಗಳಿಗಷ್ಟೇ ಇಟ್ಟು, ಹಾಡಿಗೆ ‘ಮೊದಲ ಸಾಲು’ ಎಂಬ ಕಾಲಮನ್ನೇ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪಕ್ಕದಲ್ಲಿ ಅಂಕಿತ ಅಥವಾ ಕವಿಯ ಹೆಸರು. ಆಲ್ಬಂ ಎಂಬ ಪದ ಎಲ್ಲರ ಬಾಯಲ್ಲಿ ನೆಲೆಸಿದೆ, ಅದು ಹಾಗೆಯೇ ಇರಲಿ. ಮೊಬೈಲಿನಲ್ಲಿ ಕೇಳುವುದನ್ನು ಸುರುಳಿ ಎನ್ನಲಾಗದು.

ಒಂದೇ ಹೆಸರಿನ ಬೇರೆ ಬೇರೆ ಕೃತಿಗಳನ್ನು ಒಟ್ಟಾಗಿ ಹೇಳುವ ಪದ ಮಾತ್ರ ಹೊಳೆಯುತ್ತಿಲ್ಲ. ‘ನಾಮಸಾಮ್ಯ’ ಎಂದರೆ ಹೋಲಿಕೆಯಾಯಿತೇ ಹೊರತು ಹೋಲುವ ಹಾಡಾಗಲಿಲ್ಲ. ‘ಸಮನಾಮ ಗೀತೆ’ ಪಾಠಪುಸ್ತಕದ ಮಾತಿನಂತಿದೆ. ಕೆಲವರು ‘ಶೀರ್ಷಿಕೆ ಗೀತೆ’ ಎಂದು ಸೂಚಿಸಿದರು; ಅದು ಧಾರಾವಾಹಿ, ಸಿನಿಮಾಗಳ ಹೆಸರು ಹೊತ್ತ ಹಾಡಿಗೆ ಆಗಲೇ ಸಂದಿದೆ. ನಿಘಂಟುಕಾರರು ಒಂದು ಶಬ್ದಕ್ಕೆ ಹಲವು ಅರ್ಥಗಳಿದ್ದರೆ ‘ನಾನಾರ್ಥ’ ಎನ್ನುತ್ತಾರೆ. ಒಂದು ಹೆಸರಿಗೆ ಹಲವು ಹಾಡುಗಳಿದ್ದರೆ ಅದೇ ಜಾಡಿನಲ್ಲಿ ಏನೆನ್ನಬಹುದು?

ಹರಿಕಥೆ, ಬಯಲಾಟ, ರಂಗಗೀತೆಗಳ ಬಳಕೆ ಬಲ್ಲವರು ಇದನ್ನು ಓದಿದರೆ ಒಂದು ವಿನಂತಿ. ಒಂದೇ ಎತ್ತುಗಡೆಯ, ಅಂದರೆ ಒಂದೇ ಬಗೆಯಲ್ಲಿ ಶುರುವಾಗುವ, ಎರಡು ಪದಗಳನ್ನು ನಿಮ್ಮ ಮೇಳದವರು ಬಾಯಿಮಾತಿನಲ್ಲಿ ಏನೆಂದು ಬೇರ್ಪಡಿಸಿ ಹೇಳುತ್ತಾರೆ? ಅವರು ಆಡುವ ಮಾತನ್ನು ಇದ್ದ ಹಾಗೆಯೇ ಬರೆದು ತಿಳಿಸಿ.