1966ರ ಎಂಜಿಬಿಗೆ ಜಿಪ್ಸಿ ಎಂಜಿನ್ ಕೂರಿಸಬಹುದೇ?

ಗವಿಪುರದ ಗಾಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನವರ 1966ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು) ಈಗ ನನ್ನ ಪಾಲಿಗೆ ಬಂದಿದೆ. ಮೈಸೂರು ರಾಜ್ಯದ ಕಾಲದ ನಂಬರನ್ನು ಅದು ಇಂದಿಗೂ ಉಳಿಸಿಕೊಂಡಿದ್ದು, ಕಾಗದಪತ್ರಗಳೆಲ್ಲ ಸರಿಯಾಗಿವೆ. ಬಾಡಿಯಲ್ಲಿ ಹೇಳಿಕೊಳ್ಳುವಂಥ ತುಕ್ಕಿಲ್ಲ. ತೊಂದರೆ ಇರುವುದು ಎಂಜಿನ್ನಿನಲ್ಲಿ. ಎರಡು ಸಿಲಿಂಡರುಗಳಲ್ಲಿ ಕಂಪ್ರೆಷನ್ ಇಳಿದಿದೆ, ವೇಗ ಹೆಚ್ಚಿಸಿದಾಗ ನೀಲಿ ಹೊಗೆ ಬರುತ್ತದೆ, ಮಿನರ್ವ ವೃತ್ತದ ಸಿಗ್ನಲ್ಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಉಷ್ಣಮಾಪಕದ ಮುಳ್ಳು ಮೇಲಕ್ಕೇರುತ್ತದೆ. ಈಗ ಸಿಗುವ ಎಥೆನಾಲ್ ಬೆರೆತ ಪೆಟ್ರೋಲಿನ ಚಿಂತೆ ಬೇರೆ ಇದೆ.

ನಾನು ವಿಚಾರಿಸಿದ ಗ್ಯಾರೇಜಿನವರು ಹಳೆಯ ಎಂಜಿನ್ನನ್ನು ಬಿಚ್ಚುವ ಗೋಜಿಗೇ ಹೋಗದೆ, ಮಾರುತಿ ಜಿಪ್ಸಿಯ 1.3 ಲೀಟರ್ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ನನ್ನು ಅದರ ಐದು ಗೇರಿನ ಪೆಟ್ಟಿಗೆಯೊಂದಿಗೆ ಕೂರಿಸಿಬಿಡೋಣ ಎನ್ನುತ್ತಿದ್ದಾರೆ. ಬಿಡಿಭಾಗಗಳು ಜೆ.ಸಿ. ರಸ್ತೆಯಲ್ಲೇ ಸಿಗುತ್ತವೆ ಎಂಬುದು ಅವರ ವಾದ. ಭಾನುವಾರ ಬೆಳಿಗ್ಗೆ ನಂದಿಬೆಟ್ಟಕ್ಕೆ ಹೋಗಿ ಬರುವುದು ಮತ್ತು ಆಗೊಮ್ಮೆ ಈಗೊಮ್ಮೆ ಊರೊಳಗೆ ಓಡಿಸುವುದು, ಇಷ್ಟೇ ನನ್ನ ಬಳಕೆ. ಈ ಕೆಲಸ ಮಾಡಿಸಿದವರು ಅಥವಾ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ.

ಪೀಣ್ಯ ಲೇತ್

ಮೊದಲು ಅಂಕಿಗಳನ್ನು ನೋಡೋಣ. ನಿಮ್ಮ 1798 ಸಿಸಿ ಎಂಜಿನ್ ಹೊಸದಾಗಿದ್ದಾಗ ಸುಮಾರು 95 ಅಶ್ವಶಕ್ತಿಯನ್ನೂ, ನಿಮಿಷಕ್ಕೆ 3,000 ಸುತ್ತಿನ ಆಸುಪಾಸಿನಲ್ಲಿಯೇ ಸುಮಾರು 149 ನ್ಯೂಟನ್ ಮೀಟರ್ ಟಾರ್ಕನ್ನೂ (ತಿರುಗಿಸುವ ಬಲ) ಕೊಡುತ್ತಿತ್ತು. ಜಿಪ್ಸಿಯದು 80 ಅಶ್ವಶಕ್ತಿ, ಟಾರ್ಕ್ 103 ನ್ಯೂಟನ್ ಮೀಟರ್, ಅದೂ 4,500 ಸುತ್ತಿಗೆ. ಹಾಗಾಗಿ ಹದಿನಾರು ವಾಲ್ವಿನ ಹೊಸ ಕಾಲದ ಎಂಜಿನ್ ಎಂಬ ಒಂದೇ ಕಾರಣಕ್ಕೆ ಗಾಡಿ ಚುರುಕಾಗುತ್ತದೆ ಎಂದು ಭಾವಿಸಬೇಡಿ. ಕೆಳಗಿನ ಸುತ್ತುಗಳಲ್ಲಿ ಎಳೆಯುವುದೇ ಎಂಜಿಬಿಯ ಸೊಗಸು, ನೀವು ಕಳೆದುಕೊಳ್ಳುವುದು ಅದನ್ನೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ, ಟರ್ಬೊ ಇಲ್ಲದ ಯಾವ ಎಂಜಿನ್ನೇ ಆದರೂ ಇಲ್ಲಿ ತನ್ನ ಶಕ್ತಿಯ ಹತ್ತನೇ ಒಂದು ಭಾಗವನ್ನು ಬಿಟ್ಟುಕೊಡುತ್ತದೆ. ಮೊದಲೇ ಕಡಿಮೆ ಇದ್ದಲ್ಲಿ ಈ ಕೊರತೆ ಹೆಚ್ಚು ಕಾಣುತ್ತದೆ.

ಎರಡನೆಯದಾಗಿ, ನೀವು ವಿವರಿಸಿರುವ ಲಕ್ಷಣಗಳಲ್ಲಿ ದುರಸ್ತಿಯಾಗದಂಥದ್ದು ನನಗೆ ಒಂದೂ ಕಾಣಲಿಲ್ಲ. ಇದು ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಎಂಜಿನ್. ನಮ್ಮ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಇದರ ಸ್ವಂತ ದಾಯಾದಿ. ಹಾಗೆಂದು ಅಂಬಾಸಿಡರಿನ ಕ್ರ್ಯಾಂಕ್ (ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡ) ತಂದು ಹಾಕಲಾಗದು, ಏಕೆಂದರೆ ಅದಕ್ಕೆ ಆಧಾರವಾಗಿ ಮೂರು ಮೇನ್ ಬೇರಿಂಗುಗಳು, 1964ರ ಕೊನೆಯಿಂದೀಚಿನ ಎಂಜಿಬಿಗೆ ಐದು. ಆದರೆ ಅಂಬಾಸಿಡರ್ ಎಂಜಿನ್ ಬಿಚ್ಚಿ ಪಳಗಿದ ಯಾವ ಹಿರಿಯ ಮೇಸ್ತ್ರಿಗೂ ಇದರೊಳಗೆ ಅಪರಿಚಿತವಾದದ್ದು ಏನೂ ಇರುವುದಿಲ್ಲ, ಇಂಥವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಬ್ಲಾಕನ್ನು ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿ. ಕ್ರ್ಯಾಂಕನ್ನು ಅಳೆಸಿ, ಅಗತ್ಯವಿದ್ದರೆ ಮಾತ್ರ ಗ್ರೈಂಡ್ ಮಾಡಿಸಿ. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಲೋಹದ ಸೀಟುಗಳನ್ನು ಕೂರಿಸುವುದನ್ನು ಮಾತ್ರ ಮರೆಯಬೇಡಿ. ಹಳೆಯ ಪೆಟ್ರೋಲಿನಲ್ಲಿದ್ದ ಸೀಸ ಈ ಸೀಟುಗಳನ್ನು ಸವೆತದಿಂದ ಕಾಯುತ್ತಿತ್ತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಆ ರಕ್ಷಣೆ ಇಲ್ಲ.

ಬಿಸಿಯಾಗುವುದಕ್ಕೆ ಎಂಜಿನ್ನನ್ನೇ ದೂರುವ ಮುನ್ನ ರೇಡಿಯೇಟರನ್ನು ರೀಕೋರ್ ಮಾಡಿಸಿ (ಒಳಗಿನ ಕೊಳವೆಜಾಲವನ್ನು ಹೊಸದಾಗಿಸಿ), ಬ್ಲಾಕಿನ ನೀರಿನ ದಾರಿಗಳಲ್ಲಿ ಕೂತ ಕೆಸರನ್ನು ತೆಗೆಸಿ, ಥರ್ಮೋಸ್ಟ್ಯಾಟಿನಿಂದ ನಡೆಯುವ ವಿದ್ಯುತ್ ಫ್ಯಾನೊಂದನ್ನು ಸೇರಿಸಿ. ಎಥೆನಾಲ್ ವಿಷಯದಲ್ಲಿ ಅಪಾಯವಿರುವುದು ರಬ್ಬರ್ ಹೋಸು, ಪಂಪಿನ ಡಯಾಫ್ರಮ್ ಮತ್ತು ಸೀಲುಗಳಿಗೆ. ಎಥೆನಾಲ್ ತಾಳುವ ಹೋಸು, ಸೀಲುಗಳನ್ನು ಹಾಕಿಸಿ. ಎಥೆನಾಲಿನಿಂದ ಪೆಟ್ರೋಲ್-ಗಾಳಿಯ ಮಿಶ್ರಣ ತೆಳುವಾಗುವುದರಿಂದ ಎಸ್‌ಯು ಕಾರ್ಬುರೇಟರುಗಳ ಸೂಜಿಯನ್ನು ಒಂದು ಹಂತ ದಪ್ಪ ಮಿಶ್ರಣದ್ದಕ್ಕೆ ಬದಲಾಯಿಸಿದರೆ ಆಯಿತು.

ಅಲ್ಯೂಮಿನಿಯಂ ವಿ8

ಮೇಲಿನವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎಂಜಿನ್ ಬದಲಾವಣೆ ಎಂದೊಡನೆ ಅಪಚಾರವೆಂಬಂತೆ ನೋಡುವುದು ಈ ಗಾಡಿಯ ಚರಿತ್ರೆಗೇ ಹೊಂದುವುದಿಲ್ಲ. ಕೆನ್ ಕಾಸ್ಟೆಲ್ಲೊ ಎಂಬ ಇಂಗ್ಲಿಷ್ ರೇಸ್ ಚಾಲಕರು ಎಂಜಿಬಿಗಳಿಗೆ ರೋವರ್ ಕಂಪನಿಯ ಅಲ್ಯೂಮಿನಿಯಂ ವಿ8 ಎಂಜಿನ್ ಕೂರಿಸಿ ಮಾರತೊಡಗಿದ ಮೇಲೆ, ಕಾರ್ಖಾನೆಯವರೇ 1973ರಲ್ಲಿ ಎಂಜಿಬಿ ಜಿಟಿ ವಿ8 ಹೊರತಂದರು. ಅದು 3528 ಸಿಸಿ, 137 ಅಶ್ವಶಕ್ತಿಯ ಎಂಜಿನ್. ಸಿಲಿಂಡರ್ ಎಂಟಾದರೂ ಎರಕದ ಕಬ್ಬಿಣದ ಮೂಲ ಎಂಜಿನ್ನಿಗಿಂತ ಹೆಚ್ಚು ತೂಕವಿರಲಿಲ್ಲವಾದ್ದರಿಂದ ಗಾಡಿಯ ಸಮತೋಲ ಕೆಡಲಿಲ್ಲ. ವಿದೇಶಗಳಲ್ಲಿ ಈಗ ಮಾಜ್ಡಾ ಎಂಎಕ್ಸ್-5 ಕಾರಿನ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಇಂಥ ಬ್ರಿಟಿಷ್ ಗಾಡಿಗಳಿಗೆ ಹಾಕುವುದು ಸಾಮಾನ್ಯವಾಗಿದೆ. ಚಳಿಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ, ಎಣ್ಣೆ ಸೋರದ, ಸಂಜೆಯ ದಟ್ಟಣೆಯಲ್ಲಿಯೂ ನೆಮ್ಮದಿಯಾಗಿ ನಿಲ್ಲುವ ಗಾಡಿಯನ್ನು ಬಯಸುವುದು ತಪ್ಪಲ್ಲ.

ಆದರೆ ಗ್ಯಾರೇಜಿನವರು ಹೇಳದೆ ಬಿಟ್ಟಿರುವ ಕೆಲಸಗಳನ್ನು ತಿಳಿದಿರಿ. 1967ರ ಕೊನೆಯವರೆಗಿನ ಎಂಜಿಬಿಗಳ ವಿದ್ಯುತ್ ವ್ಯವಸ್ಥೆ ಪಾಸಿಟಿವ್ ಅರ್ತಿನದು (ಬ್ಯಾಟರಿಯ ಧನ ತುದಿ ಬಾಡಿಗೆ ಜೋಡಿಸಿದ್ದು), ಡೈನಮೋ ಆಧಾರಿತವಾದದ್ದು. ಎಂಪಿಎಫ್‌ಐ ಎಂಜಿನ್ನಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ನೆಗೆಟಿವ್ ಅರ್ತ್ ಮತ್ತು ಆಲ್ಟರ್ನೇಟರ್ ಇಲ್ಲದೆ ಕೆಲಸ ಮಾಡುವುದಿಲ್ಲ. ಇಂಜೆಕ್ಟರುಗಳಿಗೆ ಹೆಚ್ಚಿನ ಒತ್ತಡದ ಪಂಪು ಬೇಕು, ಟ್ಯಾಂಕಿನೊಳಗೆ ಪೆಟ್ರೋಲ್ ಅಲುಗಾಡದಂತೆ ತಡೆಗೋಡೆ ಬೇಕು, ಆಕ್ಸಿಜನ್ ಸೆನ್ಸರಿಗೆ ಎಕ್ಸಾಸ್ಟಿನಲ್ಲಿ ಜಾಗ ಬೇಕು. ಎಂಜಿನ್ನಿನ ಸಂಪು (ತಳದ ಎಣ್ಣೆತೊಟ್ಟಿ) ಮುಂದಿನ ಕ್ರಾಸ್‌ಮೆಂಬರಿಗೆ (ಅಡ್ಡತೊಲೆ) ತಗಲುತ್ತದೆಯೇ, ಮ್ಯಾನಿಫೋಲ್ಡ್ ಸ್ಟೀರಿಂಗ್ ಕಾಲಮಿಗೆ ಅಡ್ಡ ಬರುತ್ತದೆಯೇ, ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ಹೊಸ ಪ್ರೊಪೆಲ್ಲರ್ ಶಾಫ್ಟಿನ ಕೋನ ಸರಿಯಿದೆಯೇ ಎಂಬುದನ್ನೆಲ್ಲ ವೆಲ್ಡಿಂಗ್ ಯಂತ್ರಕ್ಕೆ ಕೈಹಾಕುವ ಮುನ್ನವೇ ಅಳೆದು ನೋಡಿರಬೇಕು. ಇವುಗಳಿಗೆ ಉತ್ತರವಿಲ್ಲದೆ ‘ಕೂರಿಸಿಬಿಡೋಣ’ ಎನ್ನುವವರ ಕೈಗೆ ನಾನಾಗಿದ್ದರೆ ಕೀಲಿ ಕೊಡುತ್ತಿರಲಿಲ್ಲ.

ಎಂಜಿಬಿಗೆ ಬೇರೆ ಷಾಸಿ ಇಲ್ಲ, ಬಾಡಿಯೇ ಷಾಸಿ. ಗೇರ್‌ಬಾಕ್ಸಿಗಾಗಿ ಟನಲ್ (ನೆಲದ ನಡುವಿನ ಉಬ್ಬು) ಕತ್ತರಿಸಿದರೆ ಗಾಡಿಯ ಬೆನ್ನೆಲುಬನ್ನೇ ಮುಟ್ಟಿದಂತೆ. ಬೋಲ್ಟಿನಿಂದ ಕೂರುವ, ನಾಳೆ ಬಿಚ್ಚಿ ಮೂಲ ಎಂಜಿನ್ನನ್ನು ಮರಳಿ ಇಡಬಹುದಾದ ಬ್ರಾಕೆಟ್ಟುಗಳಿಂದ ಸಾಧ್ಯವಾದರೆ ಮಾತ್ರ ಮುಂದುವರಿಯಿರಿ.

ಮಲ್ಲೇಶ್ವರದ ವಕೀಲ

ತಾಂತ್ರಿಕ ಚರ್ಚೆ ಚೆನ್ನಾಗಿದೆ, ಆದರೆ ಕಾನೂನಿನ ಮಾತನ್ನು ಯಾರೂ ಎತ್ತಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಬೇರೆ ತಯಾರಕರ, ಬೇರೆ ಸಿಸಿಯ ಎಂಜಿನ್ ಹಾಕಿದರೆ ನಿಮ್ಮ ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಮತ್ತು ಸಾಮರ್ಥ್ಯ ಎರಡೂ ಸುಳ್ಳಾಗುತ್ತವೆ. ಆರ್‌ಟಿಒ ಕಚೇರಿಯಲ್ಲಿ ‘ನೋಡಿಕೊಳ್ಳುತ್ತೇವೆ’ ಎನ್ನುವ ಮಧ್ಯವರ್ತಿಯ ಭರವಸೆ ಅಪಘಾತವಾದ ದಿನ, ವಿಮಾ ಕಂಪನಿಯ ಪರಿಶೀಲಕರ ಮುಂದೆ ನಿಲ್ಲುವುದಿಲ್ಲ.

ಇನ್ನೂ ಒಂದು ಮಾತು ನಿಮಗೆ ನೇರವಾಗಿ ಸಂಬಂಧಿಸಿದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ವಾಹನಗಳಾಗಿ ನೋಂದಾಯಿಸಬಹುದು. ನಂಬರಿನಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ, ಅವಧಿ 10 ವರ್ಷ. ಷಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನೀವು ಈಗಲೇ ಆ ವರ್ಗಕ್ಕೆ ಹೋಗಬೇಕೆಂದೇನೂ ಇಲ್ಲ, ಆದರೆ ಜಿಪ್ಸಿ ಎಂಜಿನ್ ಕೂತ ದಿನ ಆ ಬಾಗಿಲು ಮುಚ್ಚುತ್ತದೆ.

ಗವಿಪುರದ ಗಾಡಿ

ಮೂವರಿಗೂ ಕೃತಜ್ಞತೆಗಳು. ಜಿಪ್ಸಿಯ ಆಲೋಚನೆಯನ್ನು ಕೈಬಿಟ್ಟಿದ್ದೇನೆ, ಮೂಲ ಎಂಜಿನ್ನನ್ನೇ ರೀಬಿಲ್ಡ್ ಮಾಡಿಸುತ್ತೇನೆ. ಒಂದು ಸಂದೇಹ ಮಾತ್ರ ಉಳಿದಿದೆ. ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯ ಕಡೆ ಹೋಗುವಾಗ ನಾಲ್ಕನೇ ಗೇರಿನಲ್ಲಿ ಎಂಜಿನ್ ಒಂದೇ ಸಮನೆ ಕೂಗುತ್ತದೆ. ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ನಿನ ಸುತ್ತನ್ನು ಇಳಿಸುವ ಹೆಚ್ಚುವರಿ ಗೇರು) ಇರುವ ಮಾದರಿ ನನ್ನದಲ್ಲ. ಜಿಪ್ಸಿಯ ಐದನೇ ಗೇರೇ ನನ್ನನ್ನು ಆ ಕಡೆ ಎಳೆದದ್ದು. ಇದಕ್ಕೆ ಬೇರೆ ದಾರಿ ಇದೆಯೇ?

ಪೀಣ್ಯ ಲೇತ್

ಇದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಮ್ಮ ಎಂಜಿನ್ ಸುಮಾರು 3,500 ಸುತ್ತು ತಿರುಗುತ್ತಿರುತ್ತದೆ. ಆ ಕಾಲದಲ್ಲೇ ಐಚ್ಛಿಕವಾಗಿ ಸಿಗುತ್ತಿದ್ದ ಲೇಕಾಕ್ ಓವರ್‌ಡ್ರೈವ್ ಮೂರು ಮತ್ತು ನಾಲ್ಕನೇ ಗೇರುಗಳಲ್ಲಿ ಸುತ್ತನ್ನು ಐದನೇ ಒಂದು ಭಾಗದಷ್ಟು ಇಳಿಸಿ ಸುಮಾರು 2,800ಕ್ಕೆ ತರುತ್ತದೆ. ಓವರ್‌ಡ್ರೈವ್ ಇರುವ ಹಳೆಯ ಗೇರ್‌ಬಾಕ್ಸ್ ಇಂಗ್ಲೆಂಡಿನಿಂದ ತರಿಸುವುದು ಒಂದು ಮಾರ್ಗ. ಫೋರ್ಡ್ ಟೈಪ್-9 ಐದು ಗೇರಿನ ಪೆಟ್ಟಿಗೆಯನ್ನು ಬಿ-ಸೀರೀಸ್ ಎಂಜಿನ್ನಿಗೆ ಜೋಡಿಸುವ ಕಿಟ್ಟುಗಳು ಮತ್ತೊಂದು ಮಾರ್ಗ. ನಿಮ್ಮ ಮಾದರಿಯಲ್ಲಿ ಮೊದಲ ಗೇರಿಗೆ ಸಿಂಕ್ರೋಮೆಶ್ (ಗೇರುಗಳ ವೇಗ ಹೊಂದಿಸಿ ಸಲೀಸಾಗಿ ಬೀಳುವಂತೆ ಮಾಡುವ ವ್ಯವಸ್ಥೆ) ಇಲ್ಲ. ಆಮೆಯ ವೇಗದ ದಟ್ಟಣೆಯಲ್ಲಿ ಅದು ಎಷ್ಟು ಕಾಡುತ್ತದೆಂದು ನಿಮಗೇ ಗೊತ್ತಿರುತ್ತದೆ, ಫೋರ್ಡ್ ಪೆಟ್ಟಿಗೆಯಲ್ಲಿ ಆ ತೊಂದರೆಯೂ ತಪ್ಪುತ್ತದೆ. ಆರ್‌ಸಿಯಲ್ಲಿ ಗೇರ್‌ಬಾಕ್ಸಿನ ವಿವರ ಇರುವುದಿಲ್ಲ, ಆದರೂ ವಕೀಲರು ಒಮ್ಮೆ ಖಚಿತಪಡಿಸಿದರೆ ಒಳ್ಳೆಯದು.

ಎಂಜಿಬಿಯಲ್ಲಿ ಗೇರ್‌ಬಾಕ್ಸನ್ನು ಒಂಟಿಯಾಗಿ ಇಳಿಸಲು ಬರುವುದಿಲ್ಲ, ಎಂಜಿನ್ನಿನ ಜೊತೆಗೇ ಎತ್ತಬೇಕು. ಆದ್ದರಿಂದ ರೀಬಿಲ್ಡಿಗೆಂದು ಹೊರತೆಗೆದಾಗಲೇ ಎರಡನ್ನೂ ಮುಗಿಸಿಕೊಳ್ಳಿ, ಅದೇ ಕೈಯಲ್ಲಿ ಕ್ಲಚ್ ಪ್ಲೇಟನ್ನೂ ರಿಲೀಸ್ ಬೇರಿಂಗನ್ನೂ ಬದಲಾಯಿಸಿ. ಹೊಸ ಪೆಟ್ಟಿಗೆಯ ಜೊತೆ ಪ್ರೊಪೆಲ್ಲರ್ ಶಾಫ್ಟಿನ ಉದ್ದವೂ ಸ್ಪೀಡೋಮೀಟರಿನ ಲೆಕ್ಕವೂ ಬದಲಾಗಬಹುದು. ಮೀಟರನ್ನು ಹೊಸ ಲೆಕ್ಕಕ್ಕೆ ಹೊಂದಿಸಿಕೊಡುವವರನ್ನು ಗಾಡಿ ಬಿಚ್ಚುವ ಮೊದಲೇ ಹುಡುಕಿಟ್ಟುಕೊಳ್ಳಿ.