ಬೀ ಜೀಸ್ ಡಾಕ್ಯುಮೆಂಟರಿ ನೋಡಿದೆ: ಮುನಿಸಿಕೊಂಡ ಅಣ್ಣತಮ್ಮಂದಿರು ಮತ್ತೆ ಹೇಗೆ ಒಟ್ಟಿಗೆ ಹಾಡಿದರು?

ಮಂಡ್ಯ ಕೀಬೋರ್ಡ್:

ಎಲ್ಲರಿಗೂ ನಮಸ್ಕಾರ. ಬೀ ಜೀಸ್ ಅನ್ನುವ ಅಣ್ಣತಮ್ಮಂದಿರ ಬ್ಯಾಂಡ್ ಬಗ್ಗೆ 2020ರಲ್ಲಿ ಬಂದ ಡಾಕ್ಯುಮೆಂಟರಿ, ಫ್ರಾಂಕ್ ಮಾರ್ಷಲ್ ಮಾಡಿದ್ದು, ಹೋದ ವಾರ ನೋಡಿದೆ. ರಾತ್ರಿ ಹನ್ನೊಂದಕ್ಕೆ ಶುರು ಮಾಡಿದೆ. ಮುಗಿದ ಮೇಲೆ ನಿದ್ದೆಯೇ ಬರಲಿಲ್ಲ.

ನನಗೆ ಅವರ ಡಿಸ್ಕೋ ಹಾಡುಗಳು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಬ್ಯಾರಿ ದೊಡ್ಡವನು, ರಾಬಿನ್ ಮತ್ತು ಮಾರಿಸ್ ಅವಳಿ ತಮ್ಮಂದಿರು. 1958ರಲ್ಲಿ ಮನೆಯವರೆಲ್ಲ ಇಂಗ್ಲೆಂಡ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದರು. ಅಲ್ಲಿ ರೆಡ್‌ಕ್ಲಿಫ್ ಎಂಬ ಊರಿನ ರೇಸ್ ಟ್ರ್ಯಾಕ್‌ನಲ್ಲಿ ಈ ಹುಡುಗರು ಹಾಡುತ್ತಿದ್ದರಂತೆ, ಜನ ಚಿಲ್ಲರೆ ಎಸೆದರೆ ಓಡಿಹೋಗಿ ಆರಿಸಿಕೊಳ್ಳುತ್ತಿದ್ದರಂತೆ. ನಮ್ಮ ಕಡೆ ರಸಮಂಜರಿಯಲ್ಲಿ ಗಾಯಕನ ಜೇಬಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸುತ್ತಾರಲ್ಲ, ಅದೇ ನೆನಪಾಯಿತು.

ನಾನೂ ನನ್ನ ತಮ್ಮನೂ ಹನ್ನೊಂದು ವರ್ಷ ಒಂದೇ ಆರ್ಕೆಸ್ಟ್ರಾದಲ್ಲಿದ್ದೆವು. ನಾನು ಕೀಬೋರ್ಡ್, ಅವನು ಹಾಡುವವನು. ಗಣಪತಿ ಹಬ್ಬ ಶುರುವಾದರೆ ರಾಜ್ಯೋತ್ಸವ ಮುಗಿಯೋ ತನಕ ಮದ್ದೂರು, ಪಾಂಡವಪುರ, ನಾಗಮಂಗಲ ಅಂತ ಟೆಂಪೋದಲ್ಲೇ ಮಲಗುತ್ತಿದ್ದೆವು. ಮೂರು ವರ್ಷದ ಹಿಂದೆ ಒಂದು ಊರಿನ ಕಾರ್ಯಕ್ರಮದ ಫ್ಲೆಕ್ಸ್‌ನಲ್ಲಿ ಅವನ ಫೋಟೋ ಆಳೆತ್ತರ ಬಂತು. ನನ್ನ ಹೆಸರೇ ಇರಲಿಲ್ಲ. ನಾನು ಎಲ್ಲರ ಎದುರೇ ಬೈದೆ. ಅವನು ಜನರೇಟರ್ ಪಕ್ಕ ನಿಂತು, ನೀನಿಲ್ಲದೇ ಇದ್ದರೂ ನಾನು ಹಾಡುತ್ತೇನೆ ಅಂದ. ಅವತ್ತಿನಿಂದ ಒಟ್ಟಿಗೆ ಸ್ಟೇಜ್ ಹತ್ತಿಲ್ಲ.

ಅವರದ್ದೂ ಹೆಚ್ಚುಕಡಿಮೆ ಇದೇ ಜಗಳ. 1969ರಲ್ಲಿ ರೆಕಾರ್ಡಿನ ಮುಂದಿನ ಮಗ್ಗುಲಿಗೆ ಬ್ಯಾರಿ ಹಾಡಿದ್ದು ಹೋಯಿತು, ರಾಬಿನ್ ಹಾಡಿದ್ದು ಹಿಂದಿನ ಮಗ್ಗುಲಿಗೆ ಬಿತ್ತು. ರಾಬಿನ್ ಎದ್ದು ಹೋದ. ಆದರೆ 1970ರಲ್ಲಿ ಮತ್ತೆ ಸೇರಿದರು. ಡಾಕ್ಯುಮೆಂಟರಿಯಲ್ಲಿ ಈ ಭಾಗ ಬೇಗ ಮುಗಿದುಹೋಗುತ್ತದೆ, ನನಗೆ ಬೇಕಾಗಿದ್ದು ಅದೇ. ಏನಾಯಿತು? ಏನು ಅವರನ್ನು ಮತ್ತೆ ಕೂರಿಸಿತು? ತಿಳಿದವರು ಹೇಳಿ.

ಅಗ್ರಹಾರದ ಕ್ಯಾಸೆಟ್:

ನಾನು ಮೈಸೂರಿನಲ್ಲಿ ಕಾಲೇಜು ಓದುವಾಗಿನಿಂದ ಇವರ ಹಾಡು ಕೇಳುತ್ತಾ ಬಂದವನು. ಸ್ನೇಹಿತನ ಟೇಪಿನಿಂದ ನನ್ನ ಟೇಪಿಗೆ ಹಾಕಿಸಿಕೊಂಡು, ಅದು ಸವೆಯುವ ತನಕ ಕೇಳಿದ್ದೇನೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ರಾಬಿನ್ ಸೋತು ವಾಪಸ್ ಬಂದ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಹಾಗಲ್ಲ. ಅವನು ಒಬ್ಬನೇ ಮಾಡಿದ ಮೊದಲ ರೆಕಾರ್ಡು ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಹೋಗಿತ್ತು. ಅಂದರೆ ಒಬ್ಬನೇ ಹಾಡಬಲ್ಲ ಅಂತ ಅವನು ತೋರಿಸಿಯಾಗಿತ್ತು. ಇತ್ತ ಬ್ಯಾರಿ, ಮಾರಿಸ್ ಇಬ್ಬರೇ ಮುಂದುವರಿಸಿ, ಆಮೇಲೆ ಅವರೂ ಬೇರೆಯಾದರು. ಮತ್ತೆ ಸೇರಿದಾಗ ಬ್ಯಾರಿ, ರಾಬಿನ್ ಕೂತು ಒಂದು ಹಾಡು ಬರೆದರು. ಒಡೆದ ಮನಸ್ಸನ್ನು ಹೇಗೆ ಸರಿಮಾಡೋದು ಅಂತ ಕೇಳುವ ಹಾಡು. 1971ರಲ್ಲಿ ಅದು ಅಮೆರಿಕದಲ್ಲಿ ಅವರ ಮೊದಲ ನಂಬರ್ ಒನ್ ಆಯಿತು. ಡಾಕ್ಯುಮೆಂಟರಿಗೆ ಇಟ್ಟಿರೋದೂ ಅದೇ ಹೆಸರು. ಯಾರು ತಪ್ಪು, ಯಾರು ಸರಿ ಅಂತ ತೀರ್ಮಾನ ಮಾಡಿ ಅವರು ಒಂದಾದರು ಅಂತ ನನಗೆ ಅನ್ನಿಸಲ್ಲ. ಹಾಡು ಬರೆಯಲು ಕೂತರು, ಅಷ್ಟೇ. ಮಾತಾಡುವುದಕ್ಕಿಂತ ಅವರಿಗೆ ಅದು ಸುಲಭವಾಗಿತ್ತು.

ಇನ್ನೊಂದು. 1974ರಲ್ಲಿ ಅವರನ್ನು ಕೇಳೋರೇ ಇರಲಿಲ್ಲ, ಉತ್ತರ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಜನ ಊಟ ಮಾಡುತ್ತಾ ಕೂತಿರುವ ಕ್ಲಬ್ಬಿನಲ್ಲಿ ಹಾಡುತ್ತಿದ್ದರು. ಆಗ ಮೂವರೂ ಜೊತೆಗಿದ್ದರು. ಮುಂದಿನ ವರ್ಷ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಮಾತು ಕೇಳಿ ಅಮೆರಿಕದ ಮಯಾಮಿಗೆ ಹೋದರು. ದಿನಾ ಸ್ಟುಡಿಯೋಗೆ ಹೋಗುವಾಗ ಸೇತುವೆ ಮೇಲೆ ಕಾರಿನ ಚಕ್ರ ಟಕ ಟಕ ಅನ್ನುತ್ತಿತ್ತು, ಅದೇ ತಾಳ ಹಿಡಿದು ಹೊಸ ಹಾಡು ಕಟ್ಟಿದರು. ಶ್ರೀರಂಗಪಟ್ಟಣದಲ್ಲಿ ರೈಲು ಕಾವೇರಿ ದಾಟುವಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಮಿಕ್ಸರ್ ಮುಂದೆ ಕೂತವನು:

ಮೈಸೂರಿನಲ್ಲಿ ಸೌಂಡ್ ಕೆಲಸ ಮಾಡುತ್ತೇನೆ, ಆ ಕಡೆಯಿಂದ ಎರಡು ಮಾತು.

ಮೂರು ದನಿ ಮೂರು ಥರ ಇವೆ. ರಾಬಿನ್ ದನಿ ನಡುಗುತ್ತದೆ, ಬ್ಯಾರಿಯದ್ದು ಉಸಿರು ತುಂಬಿಕೊಂಡು ಬರುತ್ತದೆ, ಮಾರಿಸ್ ಮಧ್ಯೆ ಇದ್ದು ಇಬ್ಬರನ್ನೂ ಅಂಟಿಸುತ್ತಾನೆ. ಮನೆಯಲ್ಲೂ ಮಾರಿಸ್‌ನದ್ದು ಇದೇ ಕೆಲಸ ಆಗಿತ್ತು ಅಂತ ಡಾಕ್ಯುಮೆಂಟರಿ ನೋಡಿದರೆ ಗೊತ್ತಾಗುತ್ತದೆ. ಅಣ್ಣತಮ್ಮಂದಿರ ದನಿ ಯಾರೂ ಅಂಗಡಿಯಲ್ಲಿ ಕೊಳ್ಳಲಾಗದ ವಾದ್ಯ ಅನ್ನುವ ಅರ್ಥದಲ್ಲಿ ನೋಯೆಲ್ ಗ್ಯಾಲಗರ್ ಅದರಲ್ಲಿ ಮಾತಾಡುತ್ತಾನೆ. ಅವನೂ ತಮ್ಮನ ಜೊತೆ ಓಯಸಿಸ್ ಬ್ಯಾಂಡ್ ನಡೆಸಿ 2009ರಲ್ಲಿ ಮುರಿದುಕೊಂಡವನು, ಆ ಮಾತು ಹೇಳುವಾಗಲೂ ಇಬ್ಬರೂ ಬೇರೆಯೇ ಇದ್ದರು. 2025ರಲ್ಲಿ ಮತ್ತೆ ಒಂದೇ ಸ್ಟೇಜ್ ಹತ್ತಿದರು. ನೋಡಿ, ಹದಿನಾರು ವರ್ಷ. ನಿಮ್ಮದು ಇನ್ನೂ ಮೂರು.

ಕೆಲಸದ ವಿಷಯವೂ ಹೇಳಿಬಿಡುತ್ತೇನೆ. 1977ರಲ್ಲಿ ಫ್ರಾನ್ಸಿನಲ್ಲಿ ರೆಕಾರ್ಡಿಂಗ್ ನಡೆಯುವಾಗ ಡ್ರಮ್ಮರ್ ಮನೆಯ ತೊಂದರೆಯಿಂದ ಊರಿಗೆ ಹೋಗಬೇಕಾಯಿತು. ಆಗಲೇ ಮಾಡಿದ್ದ ಇನ್ನೊಂದು ಹಾಡಿನಿಂದ ಎರಡು ಬಾರ್, ಅಂದರೆ ತಾಳದ ಎರಡು ಸುತ್ತಿನಷ್ಟು, ಡ್ರಮ್ ಎತ್ತಿ, ಟೇಪನ್ನು ಸುತ್ತು ಮಾಡಿ ಅಂಟಿಸಿ, ಅದನ್ನೇ ತಿರುಗಿಸಿ ತಿರುಗಿಸಿ ಹೊಸ ಹಾಡಿಗೆ ಹಾಕಿದರು. ಈಗ ನಾವು ಲ್ಯಾಪ್‌ಟಾಪಿನಲ್ಲಿ ಒಂದು ಬಟನ್ ಒತ್ತಿ ಮಾಡುವುದನ್ನು ಅವರು ಕತ್ತರಿ ಹಿಡಿದು ಮಾಡಿದ್ದು. ಈ ಭಾಗವನ್ನು ನಾನು ನಾಲ್ಕು ಸಲ ಹಿಂದಕ್ಕೆ ಹಾಕಿ ನೋಡಿದೆ.

ಶಿವರಾಮಪೇಟೆ:

ಎಲ್ಲರೂ ಒಂದಾದ ಕಥೆಯನ್ನೇ ಹೇಳುತ್ತಿದ್ದೀರಿ. ನನಗೆ ಬೇರೆ ಭಾಗ ತಾಕಿತು.

1977ರಿಂದ 1979ರ ಒಳಗೆ ಅಮೆರಿಕದಲ್ಲಿ ಸತತ ಆರು ನಂಬರ್ ಒನ್ ಹಾಡು. ಅವರ ಹಾಡುಗಳಿದ್ದ ಸಿನಿಮಾ ಆಲ್ಬಮ್ 24 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಅದಾದ ಮೇಲೆ 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಆಟಗಳ ನಡುವೆ, ಡಿಸ್ಕೋ ಕಂಡರಾಗದವರು ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿದರು, ಎರಡನೇ ಆಟ ನಡೆಯಲೇ ಇಲ್ಲ. ಅಲ್ಲಿ ಆಗ ಕೆಲಸಕ್ಕಿದ್ದ ಒಬ್ಬ ಕಪ್ಪು ಹುಡುಗ ಮುಂದೆ ಸಂಗೀತಗಾರನಾದ, ಅವನು ಡಾಕ್ಯುಮೆಂಟರಿಯಲ್ಲಿ ಹೇಳುತ್ತಾನೆ, ಜನ ತಂದಿದ್ದು ಬರೀ ಡಿಸ್ಕೋ ಅಲ್ಲ, ಕಪ್ಪು ಜನರ ರೆಕಾರ್ಡುಗಳು ಅಂತ. ಅದು ಕೇಳಿ ಮೈ ಜುಮ್ಮೆಂದಿತು. ರೇಡಿಯೋದಲ್ಲಿ ಇವರ ದನಿಗೆ ಜಾಗ ಇಲ್ಲದಂತಾದಾಗ ಬೇರೆಯವರಿಗೆ ಹಾಡು ಬರೆದುಕೊಟ್ಟರು. ಬಾರ್ಬ್ರಾ ಸ್ಟ್ರೈಸಾಂಡ್‌ಗೆ, ಕೆನ್ನಿ ರೋಜರ್ಸ್ ಮತ್ತು ಡಾಲಿ ಪಾರ್ಟನ್‌ಗೆ. ಅವೂ ನಂಬರ್ ಒನ್.

ಕೊನೆಯ ತಮ್ಮ ಆಂಡಿ ಇದ್ದ. ಬೇರೆಯಾಗಿಯೇ ಹಾಡಿ ಹೆಸರು ಮಾಡಿದ, ಮಾದಕ ವಸ್ತುವಿನ ಚಟಕ್ಕೆ ಬಿದ್ದ, 1988ರಲ್ಲಿ ಮೂವತ್ತು ತುಂಬಿ ಐದೇ ದಿನಕ್ಕೆ ಹೋದ. ಮಾರಿಸ್ 2003ರಲ್ಲಿ, ರಾಬಿನ್ 2012ರಲ್ಲಿ. ಹಿರಿಯವನೊಬ್ಬ ಉಳಿದ. ಹಿಟ್ ಹಾಡು ಒಂದೂ ಇಲ್ಲದಿದ್ದರೂ ಪರವಾಗಿಲ್ಲ, ತಮ್ಮಂದಿರು ವಾಪಸ್ ಇದ್ದರೆ ಸಾಕು ಅಂತ ಬ್ಯಾರಿ ಹೇಳುವಾಗ ನಾನು ಟಿವಿ ನಿಲ್ಲಿಸಿ ಹೊರಗೆ ಹೋಗಿ ನಿಂತೆ.

ನಾನಿರುವ ಈ ಪೇಟೆಯವರೇ ರಾಜನ್ ನಾಗೇಂದ್ರ. ಗಂಧದ ಗುಡಿಯಿಂದ ಎರಡು ಕನಸು ತನಕ ಎಷ್ಟು ಹಾಡು! ನಾಗೇಂದ್ರ 2000ದಲ್ಲಿ ತೀರಿಕೊಂಡರು, ರಾಜನ್ ಆಮೇಲೆ ಇಪ್ಪತ್ತು ವರ್ಷ ಬದುಕಿದ್ದರು. ಆದರೂ ನಮ್ಮ ಬಾಯಲ್ಲಿ ಇವತ್ತಿಗೂ ಒಂದೇ ಉಸಿರಿಗೆ ಎರಡು ಹೆಸರು ಬರುತ್ತದೆ, ಅಲ್ವಾ? ಮಂಡ್ಯದವರೇ, ಫ್ಲೆಕ್ಸ್ ಹಾಕಿಸಿದ್ದು ನಿಮ್ಮ ತಮ್ಮ ಅಲ್ಲವಲ್ಲ.

ಮಂಡ್ಯ ಕೀಬೋರ್ಡ್:

ಎಲ್ಲರಿಗೂ ಥ್ಯಾಂಕ್ಸ್. ಕೊನೆಯ ಸಾಲು ಓದಿ ತುಂಬ ಹೊತ್ತು ಕೂತಿದ್ದೆ. ಹೌದು, ಫ್ಲೆಕ್ಸ್ ಹಾಕಿಸಿದ್ದು ಸಂಘದ ಹುಡುಗರು. ಅದನ್ನು ನಾನು ಅವನ ಹತ್ತಿರ ಒಂದು ಸಲವೂ ಹೇಳಲಿಲ್ಲ.

ರಾಬಿನ್ ಒಬ್ಬನೇ ಹಾಡಿ ಗೆದ್ದಿದ್ದ ಅನ್ನೋದು ಗೊತ್ತಿರಲಿಲ್ಲ. ನನ್ನ ತಮ್ಮನೂ ಈಗ ಚೆನ್ನಾಗಿಯೇ ಹಾಡುತ್ತಿದ್ದಾನೆ. ಹೋದ ಗಣಪತಿಗೆ ಪಕ್ಕದ ಬೀದಿಯಲ್ಲಿ ಅವನ ಕಾರ್ಯಕ್ರಮ ಇತ್ತು, ನಾನು ತಾರಸಿ ಮೇಲೆ ನಿಂತು ಪೂರ್ತಿ ಕೇಳಿದೆ. ಮೇಲಿನ ಸ್ವರಕ್ಕೆ ಹೋಗುವ ಮುಂಚೆ ಅವನಿಗೆ ಒಂದು ಚೂರು ಉಸಿರು ಬೇಕು, ನಾನು ಅಲ್ಲಿ ಕೀಬೋರ್ಡ್‌ನಲ್ಲಿ ಸ್ವಲ್ಪ ಎಳೆಯುತ್ತಿದ್ದೆ. ಈಗಿನ ಹುಡುಗ ಎಳೆಯಲ್ಲ, ಅವನು ಓಡಿ ಹಿಡಿಯಬೇಕಾಗುತ್ತದೆ.

ಭಾನುವಾರ ಅಮ್ಮನ ಮನೆಯಲ್ಲಿ ಡಾಕ್ಯುಮೆಂಟರಿ ಮತ್ತೆ ಹಾಕುತ್ತೇನೆ. ಲ್ಯಾಪ್‌ಟಾಪಿನ ಸ್ಪೀಕರ್‌ನಲ್ಲಿ ಆ ಮೂರು ದನಿ ಬೇರೆ ಬೇರೆ ಕೇಳಿಸಲ್ಲ, ಅದಕ್ಕೆ ಸ್ಟೇಜ್ ಮಾನಿಟರ್ ಸ್ಪೀಕರ್ ತೆಗೆದುಕೊಂಡು ಹೋಗುತ್ತಿದ್ದೇನೆ. ಅವನಿಗೆ ನಾನೇ ಫೋನ್ ಮಾಡಿ ಹೇಳಿದೆ. ನೋಡೋಣ ಅಂದ. ಮಾನಿಟರ್ ತುಂಬ ಭಾರ, ಒಬ್ಬನೇ ಮಹಡಿ ಹತ್ತಿಸಬೇಡ, ನಾನು ಬರೋ ತನಕ ಕಾಯಿ ಅಂತ ಆಮೇಲೆ ಮೆಸೇಜ್ ಹಾಕಿದ್ದಾನೆ.